ನಡುಗೆರೆಯ ಮರಳು

ಓರಗಿತ್ತಿಯರಿಬ್ಬರಿಗೂ ಎಣ್ಣೆ ಸೀಗೆಕಾಯಿ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಮನೆ ಪಾಲಾದಾಗ ನಡುವೆ ಗೋಡೆ ಎಬ್ಬಿಸಿದರು, ನಲ್ಲಿ ಬೇರೆ ಮಾಡಿಕೊಂಡರು, ಬಟ್ಟೆ ಒಣಹಾಕುವ ಹಗ್ಗವನ್ನೂ ಕತ್ತರಿಸಿ ಹಂಚಿಕೊಂಡರು. ಹಿತ್ತಲಿನ ಆಟದ ಕೋರ್ಟು ಮಾತ್ರ ಒಂದಾಗಿ ಉಳಿಯಿತು. ಮಾವ ಇದ್ದಾಗ ಮೊಮ್ಮಕ್ಕಳಿಗೆಂದು ಹಾಕಿಸಿದ ಕೃತಕ ಹುಲ್ಲಿನ ಹಾಸು ಅದು. ಎರಡು ಅಗಲವಾದ ಸುರುಳಿಗಳನ್ನು ಪಕ್ಕಪಕ್ಕ ಬಿಡಿಸಿ, ಅಡಿಯಲ್ಲಿ ಒಂದು ಪಟ್ಟಿ ಕೊಟ್ಟು, ಅಂಟು ಬಳಿದು ಸೇರಿಸಿದ್ದರು. ಆ ಜಾಯಿಂಟೇ ಪಾಲಿನ ಗೆರೆಯೂ ಆಯಿತು. ಆಚೆಯ ಅರ್ಧ ಹಿರಿಯವಳದು, ಈಚೆಯದು ಕಿರಿಯವಳದು.

ಈಗ ಆ ಗೆರೆ ಬಾಯಿಬಿಟ್ಟಿತ್ತು. ಅಂಚುಗಳು ಒಣಗಿದ ಚರ್ಮದ ಹಾಗೆ ಮುರುಟಿಕೊಂಡು ಮೇಲೆದ್ದಿದ್ದವು. ಹೋದ ವಾರ ಕಿರಿಯವಳ ಮಗಳು ಅದಕ್ಕೇ ಎಡವಿ ಬೋರಲು ಬಿದ್ದಳು.

ಮಗಳಿಗೆ ಮನೆಯವರು ಇಟ್ಟ ಹೆಸರು ಮಿಡತೆ. ಒಂದು ಕಡೆ ನಿಂತ ಹುಡುಗಿಯೇ ಅಲ್ಲ. ಶಾಲೆಯ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡ ಮೇಲೆ ಮಂಚ ಹಿಡಿದವಳು, ಬ್ಯಾಂಡೇಜು ಬಿಚ್ಚಿದ ಮೇಲೂ ಏಳಲು ಹೆದರುತ್ತಿದ್ದಳು. ಗಟ್ಟಿ ನೆಲ ಬೇಡ, ಮೆತ್ತನೆಯ ಜಾಗದಲ್ಲಿ ಓಡಿಸಿ ಎಂದಿದ್ದರು ಡಾಕ್ಟರು. ಆ ಹುಲ್ಲಿನ ಮೇಲೆ ತಾಯಿಯ ಸೆರಗು ಹಿಡಿದು ನಡೆದು, ಆಮೇಲೆ ಸೆರಗು ಬಿಟ್ಟು, ಈಗೀಗ ನಾಲ್ಕು ಹೆಜ್ಜೆ ಓಡುವಂತಾಗಿದ್ದಳು. ಅಷ್ಟರಲ್ಲಿ ಹೀಗೆ ಬಿದ್ದಳು.

ಅವಳು ಬಿದ್ದದ್ದೇ ಹಿರಿಯವಳ ಗಂಡನಿಗೆ, ಅಂದರೆ ಭಾವನಿಗೆ, ನೆಪವಾಯಿತು. "ನಾಳೆ ಮತ್ತೆ ಕಾಲು ಮುರಿದರೆ ನನ್ನ ತಲೆಗೆ ಕಟ್ತೀರಿ. ಸೋಮವಾರ ಆಳುಗಳು ಬರ್ತಾರೆ. ನನ್ನ ಅರ್ಧ ಕಿತ್ತು ಕಾರು ನಿಲ್ಲಿಸ್ತೀನಿ" ಎಂದ. ಅರ್ಧ ಹೋದರೆ ಉಳಿಯುವುದು ಓಣಿಯಷ್ಟು ಜಾಗ. ಅಲ್ಲಿ ಮಿಡತೆಯಿರಲಿ, ಕೋಳಿಮರಿಯೂ ಓಡಲಾರದು.

"ಜಾಯಿಂಟು ಸರಿಹೋದರೆ ಬಿಡ್ತೀರಾ ಭಾವ?"

"ಸರಿಹೋದರೆ ನೋಡೋಣ."

ಭಾನುವಾರ ಬೆಳಗ್ಗೆ ಕಿರಿಯವಳು ಅಂಟಿನ ಡಬ್ಬ, ಹೊಸ ಪಟ್ಟಿ, ಚಾಕು ಹಿಡಿದು ಹಿತ್ತಲಿಗೆ ಇಳಿದಳು. ಗಂಡನನ್ನು ಕರೆದರೆ, "ನಿಮ್ಮಿಬ್ಬರ ನಡುವೆ ಬರೋದಕ್ಕಿಂತ ಲಾರಿ ಕೆಳಗೆ ಮಲಗೋದು ವಾಸಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ತನ್ನ ಕಡೆಯ ಅಂಚನ್ನು ಮಡಚಿ, ಆಚೆಯದಕ್ಕೆ ಕೈ ಹಾಕಿದಳು.

"ಏಯ್! ನಮ್ಮ ಹುಲ್ಲು ಮುಟ್ಟಬೇಡ."

ಹಿರಿಯವಳು ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಮುಟ್ಟದೆ ಅಂಟಿಸೋಕೆ ನನಗೇನು ಮಂತ್ರ ಬರತ್ತಾ ಅಕ್ಕಾ?"

"ನಾಲಿಗೆಗೇ ಅಂಟು ಬಳಿದುಕೋ. ಬೀದಿಯಾದರೂ ತಣ್ಣಗಿರತ್ತೆ."

"ಕಿತ್ತವರು ಮಾತಾಡೋದು ನೋಡು! ಕಾರು ನಿಲ್ಲಿಸೋ ಆಸೆಗೆ ನೀವೇ ಚಾಕು ಹಾಕಿದ್ದೀರಿ. ನನಗೆ ಗೊತ್ತಿಲ್ವಾ?"

"ಚಾಕು ನಿನ್ನ ಕೈಯಲ್ಲಿದೆ, ಕಣ್ಣು ಬಿಟ್ಟು ನೋಡ್ಕೋ!"

ಕಿರಿಯವಳು ಹಲ್ಲು ಕಚ್ಚಿ ಕುಕ್ಕರುಗಾಲಲ್ಲಿ ಕೂತು, ಚಾಕುವಿನ ಗುರುತು ಸಿಕ್ಕರೆ ಅವಳ ಮುಖಕ್ಕೇ ಹಿಡಿಯುತ್ತೇನೆಂದು ಅಂಚನ್ನು ಎಳೆ ಎಳೆಯಾಗಿ ನೋಡಿದಳು. ಕತ್ತರಿಸಿದ ಗುರುತಿರಲಿಲ್ಲ. ಹಳೆಯ ಪಟ್ಟಿ ಬಿಸಿಲಿಗೆ ಸುಟ್ಟು, ಮುಟ್ಟಿದರೆ ತರಗೆಲೆಯ ಹಾಗೆ ಪುಡಿಯಾಗುತ್ತಿತ್ತು. ಗೆರೆಯ ಹತ್ತಿರ ಹುಲ್ಲಿನ ಬುಡದಲ್ಲಿ ಒಂದು ಚಿಟಿಕೆ ಮರಳಿಲ್ಲ. ಹುಲ್ಲಿನ ಹಾಸು ಮೇಲೇಳದಂತೆ ಭಾರವಾಗಿರಲಿ, ಬುಡಕ್ಕೆ ಬಿಸಿಲು ತಾಗದಿರಲಿ ಎಂದು ಮಾವ ಮೂಟೆಗಟ್ಟಲೆ ಮರಳು ಹರಡಿಸಿದ್ದರು. ಅದೆಲ್ಲ ಎಲ್ಲಿ ಹೋಯಿತು?

ತಲೆ ಎತ್ತಿದಳು. ತನ್ನ ಕಡೆಯ ಹಿತ್ತಲ ಗೋಡೆಯ ಬುಡದಲ್ಲಿ ಹುಲ್ಲು ಮರಳಲ್ಲಿ ಹೂತುಹೋಗಿತ್ತು. ಹಿರಿಯವಳ ಗೋಡೆಯ ಬುಡದಲ್ಲೂ ಅಷ್ಟೇ.

ಪಾಲಾದ ಹೊಸದರಲ್ಲಿ ಒಂದು ಒಣಗಿದ ಎಲೆ ಗೆರೆ ದಾಟಿತೆಂದು ಇಬ್ಬರೂ ಬೀದಿಗೆ ಕೇಳುವಂತೆ ಕಿತ್ತಾಡಿದ್ದರು. ಅಂದಿನಿಂದ ಇವಳು ದಿನ ಬೆಳಗಾದರೆ ಗೆರೆಯ ಮೇಲೆ ಪೊರಕೆ ಇಟ್ಟು ತನ್ನ ಗೋಡೆಯ ಕಡೆಗೇ ಗುಡಿಸುತ್ತಿದ್ದಳು, ಅವಳು ಅವಳ ಗೋಡೆಯ ಕಡೆಗೆ. ಒಂದು ಕಣ ಆಚೆ ಹೋಗಿಲ್ಲ ಎಂದು ಇಬ್ಬರಿಗೂ ಜಂಬ. ಕಸದ ಜೊತೆ ಮರಳೂ ಸರಿಯುತ್ತಾ ಹೋಗಿ, ನಡುಗೆರೆ ಬೋಳಾಗಿತ್ತು.

ಚಾಕು ಕೆಳಗಿಟ್ಟಳು. ಕಿಟಕಿಯಲ್ಲಿ ಮಿಡತೆಯ ಮುಖ ಕಾಣುತ್ತಿತ್ತು.

"ಚಾಕು ಅಲ್ಲ," ಎಂದಳು. "ಪೊರಕೆ."

"ಏನು ಪೊರಕೆ? ನನಗೆ ತೋರಿಸ್ತೀಯಾ ಪೊರಕೆ?"

"ಅಯ್ಯೋ, ಕೇಳಿ ಅಕ್ಕಾ! ಇಬ್ಬರೂ ಗೋಡೆ ಕಡೆಗೆ ಗುಡಿಸಿ ಗುಡಿಸಿ ನಡುವಿನ ಮರಳೆಲ್ಲ ತೆಗೆದಿದ್ದೀವಿ. ಅದಕ್ಕೇ ಬಿಟ್ಟುಕೊಂಡಿದೆ."

ಹಿರಿಯವಳು ತನ್ನ ಗೋಡೆಯ ಬುಡ ನೋಡಿದಳು. ಆಮೇಲೆ ಇವಳದು. ಅವಳ ಮೂಗಿನ ಹೊಳ್ಳೆ ಅರಳಿತು.

"ನಿನ್ನ ಕಡೆ ಮರಳು ಜಾಸ್ತಿ ಇದೆ. ನೀನೇ ಹೆಚ್ಚು ಎಳೆದಿರೋದು."

ಕಿರಿಯವಳು ಪಟ್ಟಿ ಹಾಸಿ ಅಂಟು ಬಳಿಯತೊಡಗಿದಳು. ಮುಟ್ಟಿದರೆ ಅಂಟು ಕೈಗೆ ಎಳೆಯಾಗಿ ಬರುವಷ್ಟು ಒಣಗಿದಾಗ ಎರಡೂ ಅಂಚನ್ನು ಒಟ್ಟಿಗೇ ಇಳಿಸಬೇಕು, ತಡವಾದರೆ ಕಚ್ಚುವುದಿಲ್ಲ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಬೆರಳಿಟ್ಟು ನೋಡಿದಳು, ಎಳೆ ಬಂತು.

"ಅಕ್ಕಾ, ಒಣಗ್ತಾ ಇದೆ. ನಿಮ್ಮ ಅಂಚು ಹಿಡೀರಿ."

"ನಾನ್ಯಾಕೆ ಹಿಡೀಲಿ?"

"ಬೇಡ ಬಿಡಿ. ನೀವು ಹಿಡಿಯದೆ ಹಾಳಾಯ್ತು ಅಂತ ಹೇಳ್ತೀನಿ."

ಹಿರಿಯವಳು ದಡದಡನೆ ಮೆಟ್ಟಿಲಿಳಿದು ಬಂದಳು. "ಬೀದಿಯೆಲ್ಲ ಹೇಳ್ಕೊಂಡು ತಿರುಗೋ ಸುಖ ನಿನಗೆ ಕೊಡಲ್ಲ. ಸರಿ ಆಚೆ. ನನ್ನ ಹುಲ್ಲು ನಾನೇ ಹಿಡೀತೀನಿ, ನಿನ್ನ ಅಂಟುಗೈ ತಗಲಿಸಬೇಡ."

ಎದುರುಬದುರು ಮಂಡಿಯೂರಿ, ಮೊಳ ಮೊಳವಾಗಿ ಇಳಿಸುತ್ತಾ ಹೋದರು.

"ಮೆಲ್ಲಗೆ! ಹುಲ್ಲು ಒಳಗೆ ಸಿಕ್ಕಿಕೊಳ್ತಾ ಇದೆ."

"ನಿನ್ನ ಕಡೆದು. ನನ್ನದು ನೆಟ್ಟಗೇ ಇದೆ."

"ನಿಮ್ಮದು ನೆಟ್ಟಗಿರೋದು ನಾನು ಬಂದಾಗಿನಿಂದ ನೋಡ್ತಾನೇ ಇದ್ದೀನಿ."

"ಬಾಯಿ ಮುಚ್ಚಿ ಒತ್ತು."

ಸಿಕ್ಕಿಕೊಂಡ ಎಳೆಗಳನ್ನು ಇವಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎತ್ತಿದಳು, ಅವಳು ತಲೆಯ ಪಿನ್ನಿನಿಂದ. ಕೊನೆಗೆ ಭಾರಕ್ಕೆಂದು ಇವಳು ಇಟ್ಟಿಗೆ ಇಟ್ಟರೆ, ಅವಳು ಹೂಕುಂಡಗಳನ್ನು ತಂದು ತನ್ನ ಅಂಚಿನ ಮೇಲಷ್ಟೇ ಸಾಲಾಗಿ ಇಟ್ಟು, ಹಿಂತಿರುಗಿ ನೋಡದೆ ಒಳಗೆ ಹೋಗಿ ಬಾಗಿಲು ಧಡಾರನೆ ಹಾಕಿಕೊಂಡಳು.

ಸೋಮವಾರ ಭಾವ ಬಂದು ಇಟ್ಟಿಗೆ, ಕುಂಡಗಳನ್ನು ಸರಿಸಿ, ಗೆರೆಯುದ್ದಕ್ಕೂ ಹಿಮ್ಮಡಿ ಒತ್ತಿ ಎಳೆದು ನೋಡಿದ. ಎಲ್ಲೂ ಏಳಲಿಲ್ಲ. "ಆಳುಗಳಿಗೆ ಬರಬೇಡಿ ಅಂತ ಹೇಳ್ತೀನಿ. ಇನ್ನೊಂದು ಸಲ ಎದ್ದರೆ ಮಾತೇ ಇಲ್ಲ, ಕಿತ್ತುಹಾಕ್ತೀನಿ" ಎಂದು ಮುಖ ಸಿಂಡರಿಸಿ ಹೋದ. ಕಾರು ಬೀದಿಯಲ್ಲೇ ಉಳಿಯಿತು.

ಮಿಡತೆ ಗೋಡೆಯಿಂದ ಗೋಡೆಗೆ ಓಡಿದಳು. ಮೊದಲ ಸಲ ಗೆರೆಯ ಹತ್ತಿರ ತಡೆದು ನಿಂತಳು, ಎರಡನೆಯ ಸಲ ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ಕಿರಿಯವಳು ಪೊರಕೆ ಹಿಡಿದು ಬರುವಷ್ಟರಲ್ಲಿ ಆಚೆಯ ಅರ್ಧ ಗುಡಿಸಿ ಆಗಿತ್ತು, ಗೋಡೆಯ ಕಡೆಯಿಂದ ನಡುವಿನ ಕಡೆಗೆ. ಗೆರೆಯ ಮೇಲೆ ಮರಳು ಬಂದು ಕೂತಿತ್ತು. ಅದರ ಜೊತೆ ಹಿರಿಯವಳ ಕಡೆಯ ಎಲೆ, ಕಡ್ಡಿ, ಒಂದು ಹಿಡಿ ಕೂದಲ ಉಂಡೆ, ಎಲ್ಲವೂ ಈಚೆಗೆ ದಾಟಿ ಬಿದ್ದಿದ್ದವು. ಬೇಕೆಂದೇ ಮಾಡಿದ್ದು, ಅನುಮಾನವೇ ಇಲ್ಲ.

ಅವಳಿಗೆ ಮೈ ಉರಿದುಹೋಯಿತು. ಬಗ್ಗಿ ಆ ಮರಳನ್ನು ಕೈಯಾರೆ ಹುಲ್ಲಿನ ಬುಡಕ್ಕೆ ಸವರಿ ತುಂಬಿದಳು. ತನ್ನ ಗೋಡೆಯ ಕಡೆಯಿಂದ ಇನ್ನಷ್ಟು ಮರಳು ಗುಡಿಸಿ ತಂದು ಅದರ ಮೇಲೆ ಹರಡಿದಳು. ಆಮೇಲೆ ಎಲೆ, ಕಡ್ಡಿ, ಕೂದಲ ಉಂಡೆಯನ್ನೆಲ್ಲ ಒಂದೊಂದಾಗಿ ಆರಿಸಿ, ಹಿರಿಯವಳ ಮೆಟ್ಟಿಲ ಮೇಲೆ ಎಸೆದು ಬಂದಳು.