ನಟ್ಟನಡುವೆ ಇಟ್ಟ ಬ್ಯಾಟು

ಚರ್ರ್ ಎಂದು ಶೂಪಟ್ಟಿ ಕಿತ್ತ ಸದ್ದು, ಮತ್ತೆ ಚರ್ರ್, ತಿರುಗಿ ನೋಡಬೇಕಾಗಿಯೇ ಇಲ್ಲ, ಅದು ಗುಂಡನೇ, ಹಾಕಿದ ಶೂ ಹಾಕಿದ ಹಾಗೇ ಇದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ, ಹಾಕ್ಕೋ ಮರಿ, ಹಾಕ್ಕೊಂಡ್ರೇನೇ ಚೆಂಡು ಸಿಗೋದು, ಅತ್ತ ಎರಡು ಜಡೆಯವಳು ಬ್ಯಾಟನ್ನು ಗಿಟಾರು ಮಾಡಿಕೊಂಡು ಬಾರಿಸುತ್ತಿದ್ದಾಳೆ, ಬಾರಿಸಲಿ, ಕೈಯಲ್ಲಿದೆಯಲ್ಲ ಅದೇ ಹೆಚ್ಚು, ನೆಲ ಇನ್ನೂ ತಣ್ಣಗಿದೆ, ಬಿಸಿಲು ಟೆನಿಸ್ ಅಂಕಣದ ಮೂಲೆಗೆ ಈಗಷ್ಟೇ ಕಾಲಿಟ್ಟಿದೆ, ಮೊಣಕಾಲೂರಿದವಳಿಗೆ ಆ ತಂಪು ಪ್ಯಾಂಟು ದಾಟಿ ಮಂಡಿಚಿಪ್ಪಿಗೆ ಹತ್ತುತ್ತದೆ, ಊರದೆ ವಿಧಿಯಿಲ್ಲ, ನಿಂತು ಕಲಿಸಿದರೆ ಈ ಗಾತ್ರದವರಿಗೆ ಕಾಣುವುದು ಅವಳ ಮೂಗಿನ ಹೊಳ್ಳೆಗಳು ಮಾತ್ರ, ಎಲ್ಲರೂ ನಾಲ್ಕು ವರ್ಷದ ಆಚೀಚೆಯವರು, ಎರಡು ಕುರ್ಚಿಗೆ ಕಟ್ಟಿದ ರಿಬ್ಬನ್ನೇ ನೆಟ್, ಸ್ಪಂಜಿನ ಕೆಂಪು ಚೆಂಡು, ಮೊಣಕೈ ಉದ್ದದ ಬ್ಯಾಟು — ದೊಡ್ಡ ಹುಡುಗರ ಕೋಚು ಅದನ್ನು ರ‍್ಯಾಕೆಟ್ ಎನ್ನಬೇಕು ಮೇಡಂ ಎಂದು ತಿದ್ದುತ್ತಲೇ ಇರುತ್ತಾನೆ, ಮಕ್ಕಳು ಬ್ಯಾಟು ಎನ್ನುತ್ತವೆ, ಅವಳೂ ಬ್ಯಾಟು ಎನ್ನುತ್ತಾಳೆ — ಅವನೇ ದಿನವೂ ಹಾದುಹೋಗುವಾಗ, ಏನ್ ಮೇಡಂ, ಇವತ್ತು ಎಷ್ಟು ಮೂಗು ಒರೆಸಿದ್ರಿ, ಎನ್ನುತ್ತಾನೆ, ನೀನು ಇವತ್ತು ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುವ ಹುಡುಗರ ಮೂಗನ್ನೂ ನಾನೇ ಕಣಪ್ಪ ಒರೆಸಿದ್ದು, ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ನಕ್ಕುಬಿಡುತ್ತಾಳೆ, ಚೆಂಡತ್ತೆ, ನನ್ ಚೆಂಡು ಓಡೋಯ್ತು, ಓಡೋಯ್ತಾ, ಹಿಡ್ಕೊಂಡು ಬಾ.

ಚೆಂಡತ್ತೆ, ಆ ಹೆಸರು ಇಟ್ಟದ್ದು ತಮ್ಮನ ಮಗಳು, ಅವಳಿಗೆ ಇವಳು ನಿಜಕ್ಕೂ ಅತ್ತೆ, ಮಿಕ್ಕವರೆಲ್ಲ ಕೇಳಿ ಕಲಿತದ್ದು, ಈಗ ತಲೆ ನರೆತ ಅಪ್ಪಂದಿರೂ ನಮಸ್ಕಾರ ಚೆಂಡತ್ತೆ ಎಂದು ಕೈಮುಗಿಯುತ್ತಾರೆ — ಅಗೋ ನಿಂತಿದ್ದಾಳೆ ಆ ಹೆಸರಿಟ್ಟವಳು, ಮನೆಯಲ್ಲಿ ಅವಳನ್ನು ಮೆಣಸು ಎನ್ನುತ್ತಾರೆ, ಗಾತ್ರ ಅಷ್ಟೇ ಇದೆ, ಖಾರ ಹೇಳತೀರದು, ಸಾಲಿನ ತುದಿಯಲ್ಲಿ, ಬಲಗೈಯನ್ನು ಫ್ರಾಕಿನ ಜೇಬಿನೊಳಗೆ ಇಳಿಬಿಟ್ಟುಕೊಂಡು, ಆ ಜೇಬಿನ ಬಾಯಿ ಹಿಗ್ಗಿ ಜೋತುಬಿದ್ದಿದೆ, ಯಾವ ಫ್ರಾಕು ಹಾಕಿದರೂ ಅದಕ್ಕೊಂದು ಬಲಜೇಬು ಇರಲೇಬೇಕೆಂದು ಹಟ, ಅವಳಮ್ಮ ಹೊಲಿದು ಹೊಲಿದು ಸೋತಿದ್ದಾಳೆ, ಮುರಿದಿದ್ದ ಮೂಳೆ ಕೂಡಿಕೊಂಡಿದೆ, ಡಾಕ್ಟರು ಚಿತ್ರ ತೆಗೆದು ದೀಪಕ್ಕೆ ಹಿಡಿದು ತೋರಿಸಿದರು, ನೋಡಿ, ಗೆರೆ ಕೂಡ ಕಾಣಲ್ಲ, ಕೈ ಚೆನ್ನಾಗಿದೆ, ಬಳಸೋದೊಂದೇ ಬಾಕಿ, ಆದರೆ ಬಳಸಬೇಕಾದವಳು ಕಣ್ಣು ಮಿಟುಕಿಸದೆ ಡಾಕ್ಟರಿಗೇ ಹೇಳಿದಳು, ಅದು ನಿದ್ದೆ ಮಾಡ್ತಿದೆ, ಎಬ್ಬಿಸ್ಬೇಡಿ. ಚಾಕೊಲೇಟು ಆ ಕೈಗೆ ಕೊಟ್ಟರೆ ಚಾಕೊಲೇಟೇ ಬೇಡ, ಬಣ್ಣದ ಕಡ್ಡಿ ಎಡಗೈಯಲ್ಲಿ, ಚಮಚ ಎಡಗೈಯಲ್ಲಿ, ಮೊಣಕೈ ಮಡಚಿದ್ದು ಮಡಚಿದ ಹಾಗೇ ಬಿಗಿಯುತ್ತಿದೆ, ಮುಂದಿನ ಸಲ ಬರೋವಾಗಲೂ ಹೀಗೇ ಇದ್ರೆ ಅರಿವಳಿಕೆ ಕೊಟ್ಟು ಬಲವಂತವಾಗಿ ಎಳೆದು ಬಿಡಿಸಬೇಕಾಗುತ್ತೆ, ಎಂದು ಡಾಕ್ಟರು ಅಂದಾಗ ತಮ್ಮನ ಮುಖ ನೋಡಲಾಗಲಿಲ್ಲ, ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತುಬಿಟ್ಟ, ಮೆಟ್ಟಿಲು ಎಂದರೇ ಅವನಿಗೀಗ ಕಾಲು ಬರುವುದಿಲ್ಲ, ಆ ದಿನವೂ ಮೆಟ್ಟಿಲೇ, ಮಗಳ ಬಲಗೈ ಅವನ ಕೈಯಲ್ಲೇ ಇತ್ತು, ಫೋನು ಹೊಡೆದುಕೊಂಡಿತು, ಬಿಟ್ಟ, ಅಷ್ಟೇ, ಒಂದು ಗಳಿಗೆ, ಉರುಳಿಬಿದ್ದಳು, ಬಿಟ್ಟಿದ್ದು ನಾನಲ್ವಾ ಅಕ್ಕ, ಅದಕ್ಕೇ ಆ ಕೈಯನ್ನ ಯಾರಿಗೂ ಕೊಡ್ತಿಲ್ಲ ಅವಳು, ನೀನೇ ಏನಾದ್ರೂ ಮಾಡು. ಏನು ಮಾಡುವುದು, ಅವಳಿಗೆ ಗೊತ್ತಿರುವುದು ಒಂದೇ ಕೆಲಸ.

ಆ ಕೆಲಸವಾದರೂ ಎಂಥದು, ಯಾರಿಗಾದರೂ ಹೇಳಿದರೆ ಇಷ್ಟೇನಾ ಎಂದು ನಗುತ್ತಾರೆ, ಹೊಸ ಮಗು ಬಂದ ದಿನ ಬ್ಯಾಟನ್ನು ಅದರ ಎದುರು ನೆಲದ ಮೇಲೆ ಇಡುವುದು, ಬ್ಯಾಟಿನ ಹಿಡಿ ಮಗುವಿನ ಕಡೆಗೆ, ಎರಡು ಪಾದಗಳ ನಟ್ಟನಡುವಿಗೆ ನೇರವಾಗಿ, ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ, ಆಮೇಲೆ ತೆಪ್ಪಗೆ ಕೂರುವುದು, ತಗೋ ಎನ್ನಬಾರದು, ಕಣ್ಣಲ್ಲೂ ತೋರಿಸಬಾರದು, ಕೈಗೆ ಕೊಟ್ಟರೆ ಕೊಟ್ಟ ಕಡೆಯ ಕೈಯಲ್ಲೇ ಇಸಿದುಕೊಳ್ಳುತ್ತದೆ ಮಗು, ನೆಲಕ್ಕಿಟ್ಟರೆ ಮಾತ್ರ ಅದರ ಕೈ ತಾನಾಗಿ ಬರುತ್ತದೆ, ಒಬ್ಬ ಅಪ್ಪ ಶೂ ತುದಿಯಿಂದ ಹಿಡಿಯನ್ನು ಮೆಲ್ಲಗೆ ಬಲಕ್ಕೆ ಸರಿಸಿದ್ದ, ಸಿಕ್ಕಿಬಿದ್ದು, ನಮ್ಮಲ್ಲಿ ಎಲ್ಲರೂ ಬಲಗೈಯವರೇ ಮೇಡಂ ಎಂದು ಹಲ್ಲು ಕಿರಿದ, ಅವನನ್ನು ಬೆಂಚಿಗೆ ಅಟ್ಟಿದ್ದಳು, ಅಂದಿನಿಂದಲೇ ಹೆತ್ತವರು ತಂತಿಬೇಲಿಯ ಆಚೆ ಎಂಬ ಕಟ್ಟಪ್ಪಣೆ. ಆಮೇಲಿನ ಆ ಹೊತ್ತು, ಮಗು ಬ್ಯಾಟನ್ನು ನೋಡುವ ಹೊತ್ತು, ಎರಡೂ ಕೈ ಸುಮ್ಮನೆ ತೂಗುತ್ತಿರುತ್ತವೆ, ಯಾವುದೂ ಹೆಚ್ಚಲ್ಲ ಯಾವುದೂ ಕಡಿಮೆಯಲ್ಲ, ಇದ್ದಕ್ಕಿದ್ದಂತೆ ಒಂದು ಕೈ ಹೊರಡುತ್ತದೆ, ಯಾರು ಹೇಳಿದರು ಅದಕ್ಕೆ, ಮಗುವಿಗೂ ಗೊತ್ತಿಲ್ಲ, ಕೇಳಿದರೆ ಬೆಪ್ಪಾಗಿ ನೋಡುತ್ತದೆ, ಅಮ್ಮನ ಹೊಟ್ಟೆಯ ಕತ್ತಲಲ್ಲಿ ಮೊದಲು ಬಾಯಿಗೆ ಹೋದ ಹೆಬ್ಬೆರಳು ಯಾವುದಿತ್ತೋ, ಅಲ್ಲಿಂದಲೇ ಹೊರಟು ಇಲ್ಲಿಗೆ ಈಗ ಬಂದು ತಲುಪಿತೋ ಏನೋ, ಐದು ಬೆರಳು ಬಿಚ್ಚಿ, ಹಿಡಿಯನ್ನು ಸುತ್ತಿ, ಮುಚ್ಚಿ, ಎಷ್ಟು ವರ್ಷ ನೋಡಿದರೂ ಅವಳ ಮೈ ಜುಮ್ಮೆನ್ನುವುದು ನಿಂತಿಲ್ಲ, ತಾನು ಆಡುತ್ತಿದ್ದ ಕಾಲದಲ್ಲಿ ಗೆದ್ದಾಗಲೂ ಹಾಗೆ ಆಗಿದ್ದಿಲ್ಲ, ಅಲ್ಲಿ ಚಪ್ಪಾಳೆ ಇತ್ತು, ಇಲ್ಲಿ ಒಂದು ಮಗು ತನಗೇ ತಿಳಿಯದೆ ತಾನಾಗುತ್ತದೆ, ನೋಡಲು ಇರುವವಳು ಇವಳೊಬ್ಬಳೇ. ಮೆಣಸು ಮೊದಲ ದಿನ ಬಂದಾಗ ಇಡುವುದಕ್ಕೂ ಬಿಟ್ಟಿರಲಿಲ್ಲ, ಬಲಗೈ ಛಂಗನೆ ಬಂದು ಕಸಿದುಕೊಂಡು ಹೋಗಿತ್ತು, ಅಬ್ಬಾ ಆ ಕೈ.

ಇವತ್ತು ಹೊಸದಾಗಿ ಶುರುಮಾಡೋಣ ಎಂದಳು ಎಲ್ಲರಿಗೂ, ಎಲ್ಲರೂ ಪುಟ್ಟ ಮಕ್ಕಳಾಗಿಬಿಡೋಣ, ನಾವು ಪುಟ್ಟ ಮಕ್ಕಳಲ್ಲ ಎಂದ ಗುಂಡ, ಅಲ್ಲಪ್ಪ ರಾಯ, ಸುಮ್ನೆ ಆಟಕ್ಕೆ, ಒಬ್ಬೊಬ್ಬರ ಎದುರೂ ಮೊಣಕಾಲಲ್ಲೇ ಸರಿದು ಸರಿದು ಬ್ಯಾಟು ಇಟ್ಟಳು, ಗುಂಡನ ಬಲಗೈ, ಜಡೆಯವಳ ಎಡಗೈ, ಬರುತ್ತಲೇ ಇವೆ ಕೈಗಳು, ಕೊನೆಗೆ ಮೆಣಸಿನ ಎದುರು, ಆ ಪುಟ್ಟ ಬಿಳಿ ಶೂಗಳ ಎದುರು, ಹಿಡಿಯನ್ನು ನಡುವಿಗೆ ಇಟ್ಟಳು — ಇಟ್ಟವಳ ಬೆರಳು ಅಲ್ಲೇ ನಿಂತಿತು, ಬೇಲಿಯಾಚೆ ತಮ್ಮ ಬೆಂಚು ಬಿಟ್ಟೆದ್ದು ತಂತಿ ಹಿಡಿದು ನಿಂತಿರುವುದು ಕಣ್ಣಂಚಿಗೆ ಕಾಣುತ್ತಿದೆ, ಬೇರೆ ಯಾರಾದರೂ ಆಗಿದ್ದರೆ ಗದರಿರುತ್ತಿದ್ದಳು, ಒಂದು ಹೆಬ್ಬೆರಳಿನಷ್ಟು, ಬಲಕ್ಕೆ, ಯಾರಿಗೂ ಕಾಣುವುದಿಲ್ಲ, ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು, ಆ ಅಪ್ಪನನ್ನು ಅಟ್ಟಿದವಳು, ಥೂ, ಅರಿವಳಿಕೆ ಕೊಟ್ಟು ಎಳೆಯುತ್ತಾರಂತೆ, ಮಗುವಿನ ಕೈಯನ್ನು, ಬಟ್ಟೆ ಹಿಂಡಿದ ಹಾಗೆ, ಹೆಬ್ಬೆರಳಿನಷ್ಟು ಏನು ಮಹಾ — ಸರಿಸಿಯೇಬಿಟ್ಟಳು. ಈ ವಯಸ್ಸಲ್ಲಿ ಕಳ್ಳತನ, ತೆಪ್ಪಗೆ ಕೂತಳು, ಮೆಣಸು ಕುಕ್ಕರುಗಾಲಲ್ಲಿ ಕೂತಿತು, ಬ್ಯಾಟನ್ನು ನೋಡಿತು, ಅತ್ತೆಯನ್ನು ನೋಡಿತು, ಆ ನೋಟ ತಡೆಯಲಾಗದೆ ಅತ್ತೆ ನೆಲ ನೋಡಿದಳು, ಜೇಬಿನ ಬಟ್ಟೆಯೊಳಗೆ ಏನೋ ಒಂದಿಷ್ಟು ಅಲುಗಿತು, ಅಲುಗಿತೇ, ಗಾಳಿಯೇ, ಬಾ ತಾಯಿ ಬಾ, ಆಗ ಎಡಗೈ, ಎಡಗೈ ಮೈಯನ್ನೆಲ್ಲ ವಾಲಿಸಿಕೊಂಡು, ಮಂಡಿ ದಾಟಿ, ಬಲಕ್ಕೆ ಸರಿಸಿಟ್ಟ ಹಿಡಿಯವರೆಗೂ ಅಡ್ಡಲಾಗಿ ಬಂದು, ಹಿಡಿದು, ಎತ್ತಿಕೊಂಡು ಹೋಯಿತು. ನನ್ ಬ್ಯಾಟು, ಎಂದಿತು ಮೆಣಸು, ಎದೆಗವಚಿಕೊಂಡು, ನಂದೇ ಇದು, ಯಾರಿಗೂ ಕೊಡಲ್ಲ. ಮುಗಿಯಿತು, ತಾನು ಮಾಡಿದ ಮೋಸಕ್ಕೆ ಸರಿಯಾಗಿಯೇ ಆಯಿತು ಎಂದು ನಾಚಿಕೆ, ನಾಚಿಕೆಯ ಅಡಿಯಲ್ಲೇ ಬೆರಗು, ಎಷ್ಟು ಜಾಗ ಸರಿಸಿದರೂ ಬಂದೇ ತೀರುತ್ತದಲ್ಲ ಕೈ, ತನ್ನ ಮಾತೇ ಮಾತು ಎನ್ನುವ ಹಾಗೆ, ಅತ್ತ ತಮ್ಮ ತಂತಿ ಬಿಟ್ಟ, ಬೆನ್ನು ತಿರುಗಿಸಿದ, ಹಾಗೇ ಬೇಲಿಗೆ ಒರಗಿ ನೆಲಕ್ಕೆ ಕುಸಿದು ಕೂತ, ಅವನ ಅಂಗಿಯ ಬೆನ್ನಷ್ಟೇ ಈಗ ಕಾಣುವುದು.

ಆಟ ನಿಲ್ಲಿಸುವ ಹಾಗಿಲ್ಲ, ಹತ್ತು ಜೊತೆ ಕಣ್ಣು ಇವಳ ಮೇಲೇ ಇವೆ, ಚೆಂಡು ಹಾಕಿದಳು, ಹೊಡೆದರು, ಹೊಡೆದದ್ದಕ್ಕಿಂತ ಹೊಡೆಯದೆ ಗಿರಕಿ ತಿರುಗಿ ಬಿದ್ದದ್ದೇ ಹೆಚ್ಚು, ಮೆಣಸು ಎಡಗೈಯಲ್ಲಿ ಬೀಸಿತು, ಗಾಳಿಗೆ ಹೊಡೆಯಿತು, ಪರವಾಗಿಲ್ಲ ಚಿನ್ನ, ಸರಿ, ಮೊಟ್ಟೆ ಹೆಕ್ಕೋಣ ಬನ್ನಿ. ಅಷ್ಟು ಅಂದದ್ದೇ ತಡ, ಹೋ ಎಂದು ಹೊರಟಿತು ದಂಡು, ಇವರ ಪಾಲಿಗೆ ಟೆನಿಸ್ ಎಂದರೆ ಚೆಂಡು ಹೆಕ್ಕುವ ಆಟ, ನಡುನಡುವೆ ಅತ್ತೆ ಹೊಡಿ ಹೊಡಿ ಎಂದು ಕಾಟ ಕೊಡುತ್ತಾಳೆ ಅಷ್ಟೇ, ಬ್ಯಾಟುಗಳನ್ನು ಬಿದ್ದಲ್ಲಿ ಬಿಸಾಡಿ ಎರಡೂ ತೋಳಿನ ತುಂಬ ಚೆಂಡು ತಬ್ಬಿಕೊಂಡು, ಬುಟ್ಟಿಗೆ ಸುರಿದು, ಸುರಿದದ್ದರಲ್ಲಿ ಅರ್ಧ ಮತ್ತೆ ಹೊರಗುರುಳಿ, ಚೆಂಡತ್ತೆ ನಂದು ಜಾಸ್ತಿ, ಇಲ್ಲ ನಂದು — ಮೆಣಸು ಬ್ಯಾಟು ಬಿಸಾಡಲಿಲ್ಲ, ಕೊಡಲ್ಲ ಎಂದದ್ದು ಕೊಡಲ್ಲವೇ, ಎಡಗೈಯಲ್ಲಿ ಹಿಡಿದೇ ಓಡುತ್ತಿದೆ, ಒಂದು ಚೆಂಡು ಎಲ್ಲರಿಂದಲೂ ತಪ್ಪಿಸಿಕೊಂಡು ಬೇಲಿಯ ಬುಡಕ್ಕೆ ಉರುಳಿತು, ಅದರ ಹಿಂದೆ ಮೆಣಸು, ಬಗ್ಗಿತು, ಬ್ಯಾಟಿನಿಂದ ಗೋರಿತು, ಚೆಂಡು ಜಾರಿತು, ಮತ್ತೆ ಗೋರಿತು, ಸಿಕ್ಕಲಿಲ್ಲ, ಬ್ಯಾಟು ಬಿಟ್ಟರೆ ಚೆಂಡು, ಚೆಂಡು ಬೇಕೆಂದರೆ ಬ್ಯಾಟು ಬಿಡಬೇಕು, ಗುಂಡ ಬೇರೆ ಆ ಕಡೆಗೇ ಓಡಿ ಬರುತ್ತಿದ್ದಾನೆ, ನಂದು ನಂದು ಎಂದು ಅರಚುತ್ತ, ಆಗ.

ಆಗ ಜೇಬಿನಿಂದ ಬಂತು. ಯಾರೂ ಕರೆದಿರಲಿಲ್ಲ, ಮೆಣಸು ಅತ್ತ ನೋಡಲೂ ಇಲ್ಲ, ಅದರ ಕಣ್ಣೆಲ್ಲ ಗುಂಡನ ಮೇಲೆ, ಬಲಗೈ ತಾನಾಗಿ ಹೊರಬಂದು, ಪಟ್ಟಿ ಕಟ್ಟಿದ್ದ ಕಡೆ ಬಿಳಿಚಿಕೊಂಡು ಇನ್ನೊಂದಕ್ಕಿಂತ ಸಪೂರವಾಗಿದೆ ಪಾಪ, ಕೆಳಗೆ ಹೋಗಿ, ಚೆಂಡನ್ನು ಹಿಡಿಯಿತು, ಚೆಂಡು ದೊಡ್ಡದು, ಬೆರಳು ಅರ್ಧಕ್ಕೇ ಮುಗಿದವು, ಆದರೂ ಹಿಡಿಯಿತು, ಅತ್ತೆ ಮೊಣಕಾಲ ಮೇಲೆ ಇದ್ದವಳು ಹಾಗೇ ಇದ್ದಳು, ಹೊಗಳಬಾರದು, ಚಪ್ಪಾಳೆ ತಟ್ಟಬಾರದು, ಎಬ್ಬಿಸಬಾರದು, ಗುಂಡಾ ನಿಲ್ಲೋ ಅಲ್ಲೇ, ಮೆಣಸು ತಲೆಯೆತ್ತಿತು, ಎದುರಿಗೇ ತಂತಿ, ತಂತಿಯಾಚೆ ಅಪ್ಪನ ಬೆನ್ನು, ಗುಂಡನಿಗೆ ಸಿಗದಂತೆ ಚೆಂಡು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು, ಅಪ್ಪಾ ತಗೋ, ಬೇಗ, ಎಂದು ಚೆಂಡನ್ನು ತಂತಿಯ ಕಣ್ಣಿಗೆ ಒತ್ತಿತು, ತಮ್ಮನ ಬೆನ್ನಿಗೆ ತಾಗಿರಬೇಕು, ತಿರುಗಿದ, ಏನೋ ಹೇಳಹೊರಟವನು ಕೈ ಯಾವುದೆಂದು ನೋಡಿದ, ಕಣ್ಣು ತುಂಬಿಕೊಂಡು ಗೇಟಿನ ಕಡೆ ಓಡಿ ಬರಲು ಏಳುತ್ತಿದ್ದಾನೆ, ಬೇಡ, ಏಳಬೇಡ ಕಣೋ, ಅವಳು ಇಲ್ಲಿಂದಲೇ ಅಂಗೈ ಎತ್ತಿದಳು, ಅಲ್ಲೇ ಇರು, ತಮ್ಮ ಅಕ್ಕನನ್ನು ನೋಡಿದ, ಅರ್ಥವಾಯಿತು, ಕೂತ, ಹೋಗ್ತಿಲ್ಲ ಅಪ್ಪ, ದೊಡ್ಡದಾಯ್ತು ಚೆಂಡು, ಹೋಗುತ್ತೆ ಮಗಳೇ, ಇನ್ನೂ ಸ್ವಲ್ಪ ತಳ್ಳು, ಮೆಣಸು ತುಟಿ ಕಚ್ಚಿಕೊಂಡು ತಳ್ಳಿತು, ಭುಜದಿಂದ ತಳ್ಳಿತು, ಮೊಣಕೈ ಬಿಚ್ಚಿಕೊಳ್ಳುತ್ತಿದೆ, ಯಾರೂ ಎಳೆಯುತ್ತಿಲ್ಲ, ಅದಾಗಿಯೇ, ಇನ್ನೊಂದಿಷ್ಟು, ಇನ್ನೊಂದಿಷ್ಟು, ಸ್ಪಂಜು ತಂತಿಯಾಚೆಗೆ ಕೆಂಪಗೆ ಉಬ್ಬಿತು, ಆ ಉಬ್ಬನ್ನು ತಮ್ಮನ ಬೆರಳು ಬಂದು ಮುಟ್ಟಿತು, ಮುಟ್ಟಿತೇ ಹೊರತು ಎಳೆಯಲಿಲ್ಲ, ಅತ್ತೆ ನನ್ ಶೂ ಕಿತ್ತೋಯ್ತು ಎಂದು ಯಾರೋ, ಬಂದೆ ಎನ್ನಬೇಕು, ಸಾಲು ಮಾಡಿಸಬೇಕು, ಹೊತ್ತಾಯಿತು, ಬಂದೆ ಮರಿ, ಬರುತ್ತಾಳೆ, ಈ ಕೈ ಅಲ್ಲಿ ಇರುವವರೆಗೆ ಎಲ್ಲಿಗೆಂದು ಬರುವುದು, ಈಚೆ ಐದು ಬೆರಳು, ನಡುವೆ ತಂತಿ, ಆಚೆ ಒಂದು ಬೆರಳು, ಬುಟ್ಟಿ ತುಂಬಿತು ಅತ್ತೆ, ತುಂಬಲಿ, ಈಚೆ ಐದು ಬೆರಳು, ಕೆಂಪು ಚೆಂಡು, ಆಚೆ ಒಂದು ಬೆರಳು, ಯಾರೂ ಬಿಡುತ್ತಿಲ್ಲ, ಈಚೆ ಐದು ಬೆರಳು