ಮೊಣಕೈ ಕೆಳಗಿನ ಕೈ

ಫಿಸಿಯೋಥೆರಪಿ ವಿಭಾಗದಲ್ಲಿ ಅವಳಿಗಿದ್ದ ಹೆಸರು ‘ಇನ್ನೊಂಚೂರು ಮೇಡಂ’. ಪಾರ್ಶ್ವವಾಯು ಬಡಿದು ಕೈ ಸೋತವರನ್ನು ಕುರ್ಚಿಯಲ್ಲಿ ಕೂರಿಸಿ, “ಇನ್ನೊಂಚೂರು ಎತ್ತಿ, ಇನ್ನೊಂಚೂರು” ಎನ್ನುತ್ತಲೇ ಇಪ್ಪತ್ತೆರಡು ವರ್ಷ ಸವೆಸಿದ್ದಳು. ಅದರಲ್ಲಿ ಕೊನೆಯ ಆರು ವರ್ಷ ಪಿಎಚ್‌ಡಿಗೆ ಹೋಗಿತ್ತು. ಕನ್ನಡಿಯ ಮುಂದೆ ಮಾಡಿಸುವ ಒಂದು ವ್ಯಾಯಾಮದಿಂದ ಸೋತ ತೋಳು ಎಷ್ಟು ಮೇಲೇಳುತ್ತದೆ ಎಂಬುದು ಅವಳ ವಿಷಯ. ಐವತ್ತೆಂಟು ರೋಗಿಗಳು, ಮೊದಲ ದಿನ ಒಂದು ಅಳತೆ, ಮೂರು ತಿಂಗಳ ಮೇಲೆ ಇನ್ನೊಂದು. ಪ್ರಬಂಧ ಬೈಂಡ್ ಆಗಿ ಬಂದಿತ್ತು. ಬರುವ ಶುಕ್ರವಾರ ಒಪ್ಪಿಸಬೇಕು. ಅಂದಿಗೆ ಗಡುವು ಮುಗಿಯುತ್ತದೆ, ಮತ್ತೆ ವಿಸ್ತರಣೆ ಇಲ್ಲ.

ಭಾನುವಾರ ಮಧ್ಯಾಹ್ನ ತಂಗಿ ಬಂದಳು. ಅಮ್ಮನಿಗೂ ಹೋದ ವರ್ಷ ಬಲಗೈ ಸೋತಿತ್ತು. ಅಕ್ಕ ವ್ಯಾಯಾಮ ಮಾಡಿಸಿ ಅಳೆಯುವುದನ್ನು ತಂಗಿ ಫೋನಿನಲ್ಲಿ ವಿಡಿಯೋ ಹಿಡಿದಳು.

“ನೋಡೇ ಅಕ್ಕ, ಅಮ್ಮನ ಕೈ ಎಷ್ಟು ಮೇಲೆ ಬಂದಿದೆ! ನಿನ್ನ ಪರೀಕ್ಷಕರಿಗೆ ಇದನ್ನೇ ತೋರಿಸ್ಬಿಡು, ನಿಂತಲ್ಲೇ ಡಾಕ್ಟರ್ ಮಾಡ್ತಾರೆ.”

“ಮಾಡ್ಲಿ, ಮಾಡ್ಲಿ. ಇವಳಿಗೆ ಐವತ್ತು ತುಂಬೋದ್ರೊಳಗೆ ಆದ್ರೆ ಸಾಕು,” ಎಂದಳು ಅಮ್ಮ.

ಅವಳು ನಗುತ್ತಲೇ ಫೋನು ತೆಗೆದುಕೊಂಡಳು. ನಗು ಅಲ್ಲೇ ನಿಂತಿತು. ವಿಡಿಯೋದಲ್ಲಿ ಅವಳ ಬಲಗೈಯಲ್ಲಿ ಕೋನ ಅಳೆಯುವ ಪಟ್ಟಿ. ಎಡಗೈ ಅಮ್ಮನ ಮೊಣಕೈ ಕೆಳಗೆ. ಬರೀ ಮುಟ್ಟಿದ್ದಲ್ಲ, ಮೆಲ್ಲಗೆ ಎತ್ತುತ್ತಿತ್ತು. ಹಾಗೆ ಎತ್ತುತ್ತಿದ್ದುದು ಅವಳಿಗೆ ಗೊತ್ತೇ ಇರಲಿಲ್ಲ.

ಪ್ರಬಂಧದಲ್ಲಿ ಅವಳೇ ಬರೆದಿದ್ದ ನಿಯಮ: ಅಳೆಯುವಾಗ ರೋಗಿಯನ್ನು ಯಾರೂ ಮುಟ್ಟಕೂಡದು.

“ಅಮ್ಮಾ, ಈಗ ನೀನೊಬ್ಬಳೇ ಎತ್ತು,” ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ತೋಳು ಎದೆಯ ಮಟ್ಟಕ್ಕೂ ಬರಲಿಲ್ಲ.

“ನೀನು ಹಿಡ್ಕೊಂಡ್ರೆ ಬರುತ್ತೆ ಕಣೇ,” ಎಂದಳು ಅಮ್ಮ, ತನ್ನದೇ ತಪ್ಪೆಂಬಂತೆ.

ಆ ಐವತ್ತೆಂಟು ಜನರಲ್ಲೊಬ್ಬರಾದ ಮುದಿ ಟೈಲರ್ ಇನ್ನೂ ಆಸ್ಪತ್ರೆಗೆ ಬರುತ್ತಿದ್ದರು. ಸೋಮವಾರ ಅವರನ್ನು ಕೇಳಿದಳು: “ಅಳತೆ ತಗೊಳ್ಳುವಾಗ ನಾನು ಮೊಣಕೈ ಕೆಳಗೆ ಕೈ ಕೊಡ್ತಿದ್ನಾ?”

“ಮೊದಲ ದಿನ ಎಲ್ಲಿ ಕೊಟ್ರಿ? ಸಿಪಾಯಿ ಥರ ದೂರ ನಿಂತಿದ್ರಿ. ಆಮೇಲೆ ಬಳಕೆ ಆಯ್ತಲ್ಲ, ಕೊಟ್ರಿ. ನಾನೂ ಅಳತೆಯವನೇ ಮೇಡಂ, ಗೊತ್ತಾಗಲ್ವಾ? ಹೊಟ್ಟೆ ಒಳಗೆ ಎಳ್ಕೊಳ್ಳೋ ಗಿರಾಕಿಗೆ ನಾವೂ ಒಂದಿಂಚು ಬಿಟ್ಟೇ ಹೊಲಿಯೋದು!”

ಅವರು ನಕ್ಕರು. ಅವಳು ಅಳತೆಯ ಪಟ್ಟಿಯನ್ನು ಕೆಳಗಿಟ್ಟಳು. ಮೊದಲ ದಿನ ಎಲ್ಲರೂ ಅಪರಿಚಿತರು, ಮೂರು ತಿಂಗಳಿಗೆ ತನ್ನವರು. ಎರಡು ಅಳತೆಗಳ ನಡುವೆ ಕನ್ನಡಿಯ ಪಾಲೆಷ್ಟು, ತನ್ನ ಕೈಯ ಪಾಲೆಷ್ಟು? ಬೇರ್ಪಡಿಸುವ ದಾರಿಯೇ ಇಲ್ಲ. ಮತ್ತೆ ಅಳೆಯೋಣವೆಂದರೆ ಆ ಮೂರನೆಯ ತಿಂಗಳು ಮತ್ತೆ ಬರುವುದಿಲ್ಲ. ಕೆಲವರಂತೂ ಈಗ ಬದುಕಿಯೇ ಇಲ್ಲ.

ಪಿಎಚ್‌ಡಿ ಮಾರ್ಗದರ್ಶಕರು ಇದೆಲ್ಲ ಕೇಳಿ, ಎದ್ದು ಬಾಗಿಲು ಮುಚ್ಚಿ ಬಂದರು. “ನೋಡಮ್ಮ, ಎಲ್ಲರೂ ಹಿಡೀತಾರೆ. ಸುಮ್ನೆ ಪ್ರಬಂಧಕ್ಕೆ ಸಹಿ ಹಾಕಿ ಕೊಟ್ಬಿಡು.”

“ಸರ್, ನಾಳೆ ಇದನ್ನ ನಂಬಿ ಇನ್ಯಾರೋ ಮಾಡಿಸ್ತಾರೆ.”

“ಮಾಡಿಸ್ಲಿ ಬಿಡು. ಕನ್ನಡಿ ನೋಡ್ಕೊಂಡ್ರೆ ಯಾರ ಪ್ರಾಣ ಹೋಗುತ್ತೆ?”

ಅವಳು ಪ್ರಬಂಧದ ಪ್ರತಿಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡಳು. ಸಹಿ ಹಾಕಲು ಕೈ ಬರಲಿಲ್ಲ.

ಶುಕ್ರವಾರ ಐದು ಗಂಟೆಗೆ ವಿಶ್ವವಿದ್ಯಾಲಯದ ಕಚೇರಿ ಮುಚ್ಚಿದಾಗ ಅವಳು ಮನೆಯಲ್ಲಿದ್ದಳು. ನಾಲ್ಕು ಪ್ರತಿಗಳ ಚೀಲ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿತ್ತು. ಸರಿಯಾದದ್ದನ್ನೇ ಮಾಡಿದೆನೆಂಬ ಸಮಾಧಾನ ಈಗ ಬಂದೀತು, ಆಗ ಬಂದೀತು ಎಂದು ಕಾದಳು. ಬರಲಿಲ್ಲ.

“ಕೊಟ್ಟು ಬಂದ್ಯಾ?” ಒಳಗಿನಿಂದ ಅಮ್ಮ.

“ಹೂಂ.”

“ಹಾಗಾದ್ರೆ ಬಾ ಡಾಕ್ಟ್ರಮ್ಮ, ನನ್ನ ಕೈ ನೋಡು.”

ಅಮ್ಮ ತೋಳೆತ್ತಿದಳು. ಅದು ಅರ್ಧಕ್ಕೆ ನಡುಗಿ ನಿಂತಿತು. ಅಮ್ಮ ಅವಳ ಮುಖ ನೋಡಿದಳು.

ಅವಳು ಎಡಗೈಯನ್ನು ಮೊಣಕೈ ಕೆಳಗಿಟ್ಟಳು. ಈ ಸಲ ಗೊತ್ತಿದ್ದೇ ಇಟ್ಟಳು.

“ಇನ್ನೊಂಚೂರು,” ಎಂದಳು.