ಕುರ್ಚಿ ಖಾಲಿಯಾದ ಹೊತ್ತು

ಕೋರ್ಟಿನ ಅಮೀನ ಅಂಗಡಿಯ ಬಾಗಿಲಿಗೆ ಬಂದು ನಿಂತಾಗ ಕ್ಷೌರಿಕ ಮೇಷ್ಟ್ರ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಕೈಹಾಕಿದ್ದ. ಅಮೀನನ ಹಿಂದೆ ಇನ್ನೊಬ್ಬ ನಿಂತಿದ್ದ, ಕೈಯಲ್ಲಿ ದೊಡ್ಡ ಸ್ಪ್ಯಾನರು. ಕ್ಷೌರಕ್ಕೆ ಯಾರೂ ಸ್ಪ್ಯಾನರು ಹಿಡಿದುಕೊಂಡು ಬರುವುದಿಲ್ಲ. ಕ್ಷೌರಿಕನ ಕಣ್ಣು ಸ್ಪ್ಯಾನರಿಗೆ ಅಂಟಿಕೊಂಡಿತು. ಕೈ ಮಾತ್ರ ದಾರಿ ತಪ್ಪಲಿಲ್ಲ, ಅದು ಮೇಷ್ಟ್ರ ಪುಣ್ಯ.

"ದಂಡ ಕಟ್ಟಿಲ್ಲ ನೀವು. ಕುರ್ಚಿ ಜಪ್ತಿ ಮಾಡೋಕೆ ಆರ್ಡರ್ ಆಗಿದೆ," ಅಂದ ಅಮೀನ.

"ಕಟ್ಟಿದೀನಲ್ಲ ಸಾರ್. ರಸೀದಿ ಇದೆ."

ಆ ದಂಡದ ಕತೆ ಇಷ್ಟೇ. ಸರದಿ ಕಾಯುವ ಗಿರಾಕಿಗಳಿಗೆಂದು ಅವನು ಹೊರಗೊಂದು ಬೆಂಚು ಹಾಕಿದ್ದ. ಬೆಂಚಿನ ಎರಡು ಕಾಲು ಅಂಗಡಿಯ ಮೆಟ್ಟಿಲ ಮೇಲಿದ್ದವು, ಇನ್ನೆರಡು ಸರ್ಕಾರದ ಫುಟ್‌ಪಾತಿನ ಮೇಲೆ. ಆ ಎರಡು ಕಾಲಿನ ದೆಸೆಯಿಂದ ಅವನು ಕಟಕಟೆ ಹತ್ತಬೇಕಾಯಿತು. ತಪ್ಪಾಯಿತು ಅಂದ, ಅವತ್ತೇ ಕೌಂಟರಿನಲ್ಲಿ ದಂಡ ಕಟ್ಟಿದ, ಮನೆಗೆ ಬಂದು ಬೆಂಚನ್ನು ಒಡೆದು ಸೌದೆ ಮಾಡಿದ. ಕೊಡದೆ ತಲೆತಪ್ಪಿಸಿಕೊಂಡವರ ಬಾಗಿಲಿಗೆ ಅಮೀನ ಬರುವುದು ಸರಿ. ಕೊಟ್ಟು ತಲೆತಗ್ಗಿಸಿಕೊಂಡು ಬಂದವನ ಬಾಗಿಲಿಗೂ ಬಂದರೆ ಮನುಷ್ಯ ಯಾರ ಹತ್ತಿರ ಹೇಳಿಕೊಳ್ಳಬೇಕು?

ಅಮೀನ ರಸೀದಿಯನ್ನು ಬೆಳಕಿಗೆ ಹಿಡಿದು ಓದಿದ. ಒರಟನೇನಲ್ಲ, ದಣಿದ ಮನುಷ್ಯ. "ರಸೀದಿ ಅಸಲೀನೇ. ಆದ್ರೆ ಅಲ್ಲಿ ಕಂಪ್ಯೂಟರಿಗೆ ಏರಿಲ್ಲ. ಇದನ್ನ ನೋಡಿ ನಾನು ವಾಪಸ್ ಹೋದ್ರೆ ನನ್ನ ಕೆಲಸಕ್ಕೆ ಕುತ್ತು. ಕಟ್ಟಿದ್ದು ಹೌದು ಅಂತ ಕೋರ್ಟಿನ ಗುಮಾಸ್ತರ ಹತ್ರ ಬರೆಸ್ಕೊಂಡು ಬನ್ನಿ, ಕೈಮುಗಿದು ಹೊರಟುಹೋಗ್ತೀನಿ."

"ಅಲ್ಲೀವರೆಗೆ ಕಾಯ್ತೀರಾ?"

"ಕಾಯಿ ಅಂತ ನಂಗೆ ಆರ್ಡರ್ ಇಲ್ಲವಲ್ಲ."

ಆಗ ನೊರೆಯೊಳಗಿಂದ ಮೇಷ್ಟ್ರ ದನಿ ಬಂತು. "ಅಮೀನರೇ, ನಾನು ಇದರಲ್ಲಿ ಕೂತಿದೀನಿ. ಕುರ್ಚಿ ಜೊತೆ ನನ್ನನ್ನೂ ಹೊತ್ಕೊಂಡು ಹೋಗ್ತೀರಾ? ನಮ್ಮನೆಯವಳು ಬೇಡ ಅನ್ನಲ್ಲ."

ಅಮೀನ ಮೇಷ್ಟ್ರ ಅರ್ಧ ಬೋಳಿಸಿದ ಮುಖವನ್ನು ನೋಡಿದ. "ಬಳಕೆಯಲ್ಲಿರೋ ಸಾಮಾನು ಮುಟ್ಟೋ ಹಾಗಿಲ್ಲ, ನಿಯಮ ಹಾಗಿದೆ. ನೀವು ಎದ್ದ ಮೇಲೆ ನೋಡೋಣ," ಎಂದು ಹೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಬೇಕೆಂದೇ ದಾರಿ ತೋರಿಸಿದನೋ, ಬಾಯಿತಪ್ಪಿ ಅಂದನೋ, ಕ್ಷೌರಿಕನಿಗೆ ತಿಳಿಯಲಿಲ್ಲ.

ಅವನ ಹೆಂಡತಿಗೆ ಅಷ್ಟು ಸಾಕಾಯಿತು. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ, ಅಲ್ಲಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಮೀನನ ಕೈಯಿಂದ ರಸೀದಿ ಇಸಿದುಕೊಂಡು ಚಪ್ಪಲಿ ಮೆಟ್ಟಿದಳು. "ನಾನು ಬರೋವರೆಗೂ ಕುರ್ಚಿ ಖಾಲಿ ಬಿಡಬೇಡಿ," ಅಂದವಳು ಗಂಡನ ಉತ್ತರಕ್ಕೂ ನಿಲ್ಲಲಿಲ್ಲ.

ಅದು ಅವನ ಅಪ್ಪನ ಕಾಲದ ಕಬ್ಬಿಣದ ಕುರ್ಚಿ. ನಾಲ್ಕು ಬೋಲ್ಟು ಹಾಕಿ ನೆಲಕ್ಕೆ ಬಿಗಿದದ್ದು, ಕಾಲಲ್ಲಿ ಒದ್ದರೆ ಮೇಲೇರುತ್ತದೆ, ಕೈಯಲ್ಲಿ ದೂಡಿದರೆ ತಿರುಗುತ್ತದೆ, ಹಿಂದೆ ತಲೆಯಿಡಲು ಸವೆದ ಚರ್ಮದ ದಿಂಬು. ಇನ್ನೊಂದನ್ನು ಕೊಳ್ಳುವ ತಾಕತ್ತು ಅವನಿಗಿರಲಿಲ್ಲ. ಕುರ್ಚಿ ಹೋದರೆ ಅಂಗಡಿ ಹೋದಂತೆ, ಅಂಗಡಿ ಹೋದರೆ ಹಿಂದಿನ ಕೋಣೆಯೂ ಹೋದಂತೆ.

ಹಾಗಾಗಿ ಅವತ್ತು ಮೇಷ್ಟ್ರಿಗಾದಷ್ಟು ನುಣ್ಣನೆಯ ಕ್ಷೌರ ಮದುಮಗನಿಗೂ ಆಗಿರಲಾರದು. ಮತ್ತೆ ಮತ್ತೆ ನೊರೆ ಹಚ್ಚಿದ, ಬೋಳಿಸಿದ್ದನ್ನೇ ಬೋಳಿಸಿದ. ಕಡೆಗೆ, "ಇನ್ನು ಕೆನ್ನೆಯ ಮೂಳೆ ಸಿಗುತ್ತೆ ಕಣಯ್ಯಾ," ಅಂದರು ಮೇಷ್ಟ್ರು. ಅಷ್ಟರಲ್ಲಿ ಸುದ್ದಿ ಬೀದಿಯಲ್ಲಿ ಹರಡಿತ್ತು. ಎದುರಿನ ಬೇಕರಿಯವನು ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಓಡಿಬಂದ. ಮೇಷ್ಟ್ರು ಅರ್ಧ ಸರಿದರು, ಬೇಕರಿಯವನು ಅರ್ಧ ಕೂತ. ಆಮೇಲೆ ಮೇಷ್ಟ್ರು ಎದ್ದರು. ಅಮೀನ ಅದನ್ನೆಲ್ಲ ನೋಡುತ್ತ ತನ್ನ ಊಟದ ಡಬ್ಬಿ ಬಿಚ್ಚಿದ. ಬೇಕರಿಯವನಿಗೆ ಒಲೆಯ ಮುಂದೆ ಕೆಲಸವಿತ್ತು. ಅವನ ಜಾಗಕ್ಕೆ ಪಕ್ಕದಂಗಡಿಯ ಬೀಗ ರಿಪೇರಿಯವನು ಬಂದ.

ಬೀಗದವನದು ಬೋಳುತಲೆ. "ನನ್ನ ತಲೇಲಿ ಏನಿದೆ ಅಂತ ಕತ್ತರಿಸ್ತೀಯಪ್ಪಾ?" ಅಂದ.

"ಮೀಸೆ ಇದೆಯಲ್ಲಣ್ಣ."

ಮೀಸೆಯೆಂದರೆ ಎಷ್ಟು ಹೊತ್ತಿನ ಕೆಲಸ? ಒಂದೊಂದೇ ಕೂದಲು ಹುಡುಕಿ ಕತ್ತರಿಸಿದ. ಕಣ್ಣು ಕನ್ನಡಿಯಲ್ಲಿ ಕಾಣುತ್ತಿದ್ದ ಬೀದಿಯ ತಿರುವಿನ ಮೇಲಿತ್ತು. ಗುಮಾಸ್ತ ಊಟಕ್ಕೆ ಹೋಗಿರಬಹುದು. ಸೀಲು ಇನ್ನೊಬ್ಬರ ಬೀರುವಿನಲ್ಲಿರಬಹುದು. ನಾಳೆ ಬಾರಮ್ಮ ಅಂದಿರಬಹುದು. ನಾಳೆ ಬಾ ಅನ್ನಿಸಿಕೊಂಡು ಬರುವ ಹೆಂಗಸಲ್ಲ ಅವಳು, ಆದರೆ ಸರ್ಕಾರದ ಮುಂದೆ ಎಂಥವರ ಬಾಯೂ ಕಟ್ಟಿಹೋಗುತ್ತದೆ. ಹೀಗೆ ಮನಸ್ಸು ಕೋರ್ಟಿನ ವರಾಂಡದಲ್ಲಿ ಅಲೆಯುತ್ತಿದ್ದಾಗ ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಮೀಸೆ ಮುಗಿಯಿತು. ಕೈ ಕುತ್ತಿಗೆಗೆ ಪೌಡರು ಹಚ್ಚಿತು, ಬಟ್ಟೆ ತೆಗೆದು ಪಟ್ಟನೆ ಕೊಡವಿತು, ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ ಬೀಗದವನ ಹೆಗಲು ತಟ್ಟಿತು. "ಆಯ್ತಣ್ಣ," ಅಂದ ಕ್ಷೌರಿಕ.

ವಯಸ್ಸಿಗೆ ಬಂದಾಗಿನಿಂದ ಬೀಗದವನು ಆ ತಟ್ಟುವಿಕೆಗೆ ಎದ್ದವನೇ. ಈಗಲೂ ಎದ್ದ. ಕನ್ನಡಿಯ ಹತ್ತಿರ ಹೋಗಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ಮೀಸೆ ನೋಡಿಕೊಂಡ.

ಖಾಲಿ ಕುರ್ಚಿ ಕ್ಷೌರಿಕನಿಗೆ ಕಂಡಿತು. ಕನ್ನಡಿಯಲ್ಲಿ ಬೀಗದವನಿಗೂ ಕಂಡಿತು. ಅವನು ಗಾಬರಿಯಿಂದ ತಿರುಗಿ ಕೂರಲು ಬಗ್ಗುವ ಹೊತ್ತಿಗೆ ಅಮೀನನ ಕೈ ಕುರ್ಚಿಯ ತೋಳಿನ ಮೇಲಿತ್ತು.

"ಬೇಡ ಯಜಮಾನ್ರೇ," ಅಂದ ಅಮೀನ ಮೆಲ್ಲಗೆ.

ಬೋಲ್ಟುಗಳು ತುಕ್ಕು ಹಿಡಿದಿದ್ದವು. ಸ್ಪ್ಯಾನರಿನವನು ಬೆವರು ಒರೆಸಿಕೊಳ್ಳುತ್ತ, "ಸ್ವಲ್ಪ ಎಣ್ಣೆ ಇದೆಯಾ?" ಎಂದು ಕೇಳಿದ. ಕ್ಷೌರಿಕ ಎಣ್ಣೆಯ ಶೀಶೆ ತಂದುಕೊಟ್ಟ. ಅಮೀನನ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ನಾಚಿಕೆ. ಅನ್ನ ಹಾಕಿದ ತನ್ನ ಕೈಯೇ ಹೀಗೆ ಮಾಡಿತಲ್ಲ.

ಕುರ್ಚಿಯನ್ನು ಗಾಡಿಗೆ ಹೇರಿ ಹಗ್ಗ ಕಟ್ಟಿದ ಮೇಲೆ ಅವನ ಹೆಂಡತಿ ತಿರುವಿನಲ್ಲಿ ಕಾಣಿಸಿಕೊಂಡಳು. ಕೈಯಲ್ಲಿ ಕಾಗದವಿತ್ತು, ಕಾಗದದ ಮೇಲೆ ಸೀಲಿತ್ತು. ಅಮೀನ ಓದಿದ.

"ಹೌದು ತಾಯಿ, ಕಟ್ಟಿದೀರಿ. ಆದ್ರೆ ಜಪ್ತಿ ಅಂತ ಬರೆದಾಯ್ತು, ಇನ್ನು ನನ್ನ ಕೈಲಿಲ್ಲ. ಬಿಡಿಸ್ಕೊಳ್ಳೋಕೆ ಅರ್ಜಿ ಹಾಕ್ಬೇಕು. ಜಡ್ಜ್ ಸಾಹೇಬ್ರು ರಜೆ ಮುಗಿಸಿ ಬಂದ ಮೇಲೆ ನೋಡ್ತಾರೆ."

"ಯಾವಾಗ ಬರ್ತಾರೆ?"

ಅದು ಅವನಿಗೂ ಗೊತ್ತಿರಲಿಲ್ಲ. ಗಾಡಿ ಹೋಯಿತು. ಅವಳು ಅಂಗಡಿಯೊಳಗೆ ಬಂದು ನೆಲದ ತೂತುಗಳನ್ನು ನೋಡಿದಳು. "ಯಾರು ಎದ್ದಿದ್ದು?" ಅಂದಳು.

"ನಾನೇ ಅಕ್ಕ. ಕಾಲು ಜೋಮು ಹಿಡಿದಿತ್ತು," ಅಂದ ಬೀಗದವನು ನೆಲ ನೋಡುತ್ತ.

ಕ್ಷೌರಿಕ ಪೊರಕೆ ಎತ್ತಿಕೊಂಡ. ಎಲ್ಲರೂ ಹೋದ ಮೇಲೆ, ಕೂದಲು ಗುಡಿಸುತ್ತ ಅವಳಿಗೆ ಬೆನ್ನುಮಾಡಿ ಹೇಳಿದ: "ಅವನಲ್ಲ. ನಾನೇ ಎಬ್ಬಿಸಿದ್ದು."

"ಗೊತ್ತು," ಅಂದಳು. "ನಿಮ್ಮ ಕೈ ನಂಗೆ ಗೊತ್ತಿಲ್ವಾ."

ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಆ ವಾರ ಕ್ಷೌರಕ್ಕೆ ಬಂದವರು ಮೇಷ್ಟ್ರೊಬ್ಬರೇ. ಹಿಂದಿನ ಕೋಣೆಯಿಂದ ತಂದ ಸ್ಟೂಲಿನ ಮೇಲೆ ಕೂತರು. ತಲೆಯಾನಿಸಲು ಏನೂ ಇರಲಿಲ್ಲ, ಅವನ ಹೆಂಡತಿ ಹಿಂದೆ ನಿಂತು ಎರಡೂ ಅಂಗೈಯಲ್ಲಿ ಅವರ ತಲೆಯನ್ನು ಹಿಡಿದುಕೊಂಡಳು. ಎರಡೂ ಕೆನ್ನೆ ಮುಗಿದವು. ಅವನ ಕೈ ಬಟ್ಟೆಯ ತುದಿಗೆ ಹೋಯಿತು, ಅಲ್ಲೇ ನಿಂತಿತು.

"ಆಯ್ತೇನಯ್ಯಾ?" ಅಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ," ಅಂದ ಅವನು. "ಇನ್ನೂ ಸ್ವಲ್ಪ ಹೊತ್ತು ಕೂತಿರಿ."